ಹದಿನಾರರ ಮಗಳಿಗೆ ಮೊದಲು ಯಾವ ಪುಸ್ತಕ, ಯಾವ ಸಿನಿಮಾ, ಯಾವ ಹಾಡು?

ಕೇಳಿದವರು, ಪುಣೆಯಿಂದ

ನಾವು ಪುಣೆಗೆ ಬಂದು ಹದಿನೆಂಟು ವರ್ಷ ಆಯಿತು. ಮಗಳು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ, ಆದರೆ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಕಾಗುಣಿತ ಕಲಿಸಿದರು. ಈಗ ಅಂಗಡಿ ಬೋರ್ಡು, ಲಗ್ನಪತ್ರಿಕೆ, ಊರಿಂದ ಬಂದ ಪೊಟ್ಟಣಕ್ಕೆ ಸುತ್ತಿದ ಪೇಪರು ಎಲ್ಲ ಓದುತ್ತಾಳೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿದೆ, ಎರಡು ತಿಂಗಳು ರಜೆ.

ಖುಷಿ ತಡೆಯಲಾಗದೆ ಅವಳ ಕೈಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೊಟ್ಟೆ. ನನ್ನ ಜೀವದ ಪುಸ್ತಕ ಅದು. ಅವಳು ಇಪ್ಪತ್ತು ಪುಟಕ್ಕೆ ನಿಲ್ಲಿಸಿದಳು. ‘ಅಮ್ಮಾ, ಯಾರು ಯಾರಿಗೆ ಏನಾಗಬೇಕು ಅಂತಲೇ ಗೊತ್ತಾಗ್ತಿಲ್ಲ’ ಅಂದಳು. ಅವಳ ಮುಂದೆ ಏನೂ ಹೇಳಲಿಲ್ಲ, ಆದರೆ ನನಗೆ ತುಂಬಾ ಬೇಜಾರಾಯಿತು.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮನ್ನು ಹಿಡಿದುಕೊಂಡಿದ್ದು ಯಾವುದು, ನಿರಾಸೆ ಮಾಡಿದ್ದು ಯಾವುದು? ಕಾದಂಬರಿ, ಸಿನಿಮಾ, ಹಾಡು ಯಾವುದಾದರೂ ಆಗಲಿ. ದೊಡ್ಡ ಹೆಸರು ಅಂತ ಹೇಳಬೇಡಿ. ನಿಮಗೆ ಏನಾಯಿತು ಅದನ್ನು ಹೇಳಿ.

ಸಾಗರದಿಂದ, ಗ್ರಂಥಾಲಯದಲ್ಲಿ ಕೆಲಸ ಮಾಡುವವರು

ಅಕ್ಕಾ, ನಿಮ್ಮ ಮಗಳ ತಪ್ಪಿಲ್ಲ, ಪುಸ್ತಕದ ತಪ್ಪೂ ಇಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಪುಸ್ತಕ ಕೊಡುವ, ವಾಪಸು ತಗೊಳ್ಳುವ ಕೆಲಸ ಮಾಡುತ್ತಿದ್ದೇನೆ. ಓದುಗರು ಎಲ್ಲಿ ನಿಂತರು ಅಂತ ಪುಸ್ತಕವೇ ತೋರಿಸುತ್ತದೆ. ಮುಚ್ಚಿದ ಪುಸ್ತಕವನ್ನು ಅಡ್ಡ ಹಿಡಿದು ಹಾಳೆಗಳ ಅಂಚು ನೋಡಿ. ಬೆರಳು ತಾಗಿದಷ್ಟು ದೂರ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಆಮೇಲೆ ಬಿಳಿ. ನಮ್ಮಲ್ಲಿರುವ ‘ಮದುಮಗಳು’ ಪ್ರತಿಯಲ್ಲಿ ಆ ಕಂದು ಪಟ್ಟಿ ಒಂದು ಕಿರುಬೆರಳಿನ ಅಗಲವೂ ಇಲ್ಲ. ಏಳುನೂರು ಪುಟಕ್ಕೂ ಜಾಸ್ತಿ ಇರುವ ಪುಸ್ತಕ. ಮಲೆನಾಡಿನ ನಡುವೆ ಇರುವ ನಮ್ಮ ಊರಿನವರೇ ಅಲ್ಲಿ ನಿಲ್ಲುತ್ತಾರೆ ಅಂದರೆ ಪುಣೆಯ ಹುಡುಗಿ ನಿಂತದ್ದರಲ್ಲಿ ಏನು ಆಶ್ಚರ್ಯ?

ಅಂಚು ಪೂರ್ತಿ ಕಂದಾಗಿರುವ ಪುಸ್ತಕ ಅಂದರೆ ‘ಕರ್ವಾಲೊ’. ನಾಲ್ಕು ಪ್ರತಿ ಇವೆ, ನಾಲ್ಕಕ್ಕೂ ಬೆನ್ನಿಗೆ ಬಟ್ಟೆ ಪಟ್ಟಿ ಅಂಟಿಸಿದ್ದೇನೆ. ತಾರೀಖು ಒತ್ತುವ ಚೀಟಿ ತುಂಬಿ ಹೊಸದು ಅಂಟಿಸಿದ್ದು ಎಷ್ಟು ಸಲವೋ. 1980ರ ಪುಸ್ತಕ. ನೂರೈವತ್ತು ಪುಟದ ಆಸುಪಾಸು. ಮೂಡಿಗೆರೆ ಕಡೆಯ ಕತೆ. ಜೇನಿನಿಂದ ಶುರುವಾಗಿ, ಹಾರುವ ಓತಿಯ ಬೆನ್ನು ಹತ್ತಿ ಕಾಡಿನೊಳಗೆ ಹೋಗುತ್ತದೆ. ಮಂದಣ್ಣ ಅಂತ ಒಬ್ಬ ಹುಡುಗ ಇದ್ದಾನೆ. ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ಆದರೆ ಹುಳ, ಜೇನು, ಕಾಡು ಇವನ್ನು ಅವನು ನೋಡುವ ಕಣ್ಣು ಬೇರೆ. ದೊಡ್ಡ ವಿಜ್ಞಾನಿ ಅವನಿಗೆ ಮರ್ಯಾದೆ ಕೊಟ್ಟು ಮಾತಾಡಿಸುತ್ತಾರೆ. ಪರೀಕ್ಷೆಯಲ್ಲಿ ಫೇಲಾದ ಒಬ್ಬ ಹುಡುಗ ನಮ್ಮಲ್ಲಿ ಬಂದು ಅದನ್ನು ಮೂರು ಸಲ ತಗೊಂಡು ಹೋದ. ಮೂರನೇ ಸಲ ವಾಪಸು ಕೊಡುವಾಗ ‘ಸರ್, ಮಂದಣ್ಣನ ಥರದವರು ನಿಜವಾಗ್ಲೂ ಇರ್ತಾರಾ?’ ಅಂತ ಕೇಳಿದ. ಇರುತ್ತಾರೆ ಅಂದೆ.

ಇನ್ನೊಂದು ಮಾತು. ‘ಕರ್ವಾಲೊ’ ಬರೆದ ಪೂರ್ಣಚಂದ್ರ ತೇಜಸ್ವಿ ಕುವೆಂಪು ಅವರ ಮಗ. ನಿಮ್ಮ ಮಗಳು ಮಗನ ಪುಸ್ತಕದಿಂದ ಅಪ್ಪನ ಪುಸ್ತಕಕ್ಕೆ ಹೋಗಲಿ. ಕಾಡು ಅದೇ. ಬಾಗಿಲು ಮಾತ್ರ ಚಿಕ್ಕದು, ಆದರೂ ತಲೆ ಬಗ್ಗಿಸದೆ ಒಳಗೆ ಹೋಗಬಹುದು.

ನಿರಾಸೆ ಅಂದರೆ, ನನಗೆ ಹತ್ತೊಂಬತ್ತು ವರ್ಷ ಇದ್ದಾಗ ದೇವನೂರ ಮಹಾದೇವ ಅವರ ‘ಒಡಲಾಳ’ ಕೈಗೆ ಬಂತು. ಎಲ್ಲರೂ ಹೊಗಳಿದ್ದರು. ನಂಜನಗೂಡು ಸೀಮೆಯ ಮಾತು, ನನ್ನ ಕಣ್ಣಿಗೆ ಹತ್ತಲೇ ಇಲ್ಲ. ಮುಚ್ಚಿಟ್ಟೆ. ಆಮೇಲೆ ಒಂದು ದಿನ ಮೈಸೂರು ಕಡೆಯ ನನ್ನ ಸಹೋದ್ಯೋಗಿ ಊಟದ ಹೊತ್ತಿನಲ್ಲಿ ಎರಡು ಪುಟ ಗಟ್ಟಿಯಾಗಿ ಓದಿದರು. ಮನೆಯವರೆಲ್ಲ ಕೂತು ಕಡಲೆಕಾಯಿ ತಿನ್ನುವ ಜಾಗ ಅದು. ಸಿಪ್ಪೆ ಒಡೆಯುವ ಸದ್ದು ಕೇಳಿದ ಹಾಗೆ ಆಯಿತು. ಕಣ್ಣಿಗೆ ಹತ್ತದ್ದು ಕಿವಿಗೆ ಹತ್ತಿತು. ಅಂದಿನಿಂದ ಯಾರಾದರೂ ‘ಭಾಷೆ ಕಷ್ಟ’ ಅಂದರೆ, ಗಟ್ಟಿಯಾಗಿ ಓದಿ ನೋಡಿ ಅನ್ನುತ್ತೇನೆ. ಅತ್ತೆಯವರು ಇದ್ದಾರಲ್ವಾ? ಅವರು ಓದಲಿ, ಮಗಳು ಕೇಳಲಿ. ಆಮೇಲೆ ಮಗಳು ಓದಲಿ, ಅವರು ಕೇಳಲಿ.

ಮಂಡ್ಯದಿಂದ

ಸಿನಿಮಾ ಅಂದರೆ ನನಗೆ ‘ತಿಥಿ’. ರಾಮ್ ರೆಡ್ಡಿ ನಿರ್ದೇಶನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು, ನಮ್ಮ ಕಡೆ ಥಿಯೇಟರಿಗೆ ಬಂದದ್ದು ಮರುವರ್ಷ. ಪಾತ್ರ ಮಾಡಿದವರು ನಟರಲ್ಲ, ನೊದೆಕೊಪ್ಪಲು ಕಡೆಯ ಹಳ್ಳಿ ಜನ. ಸೆಂಚುರಿ ಗೌಡ ಅಂತ ನೂರೊಂದು ವರ್ಷದ ಅಜ್ಜ ಸಾಯುತ್ತಾರೆ, ಹನ್ನೊಂದನೇ ದಿನದ ತಿಥಿವರೆಗೆ ಮನೆಯಲ್ಲಿ ಏನೇನಾಗುತ್ತದೆ ಅನ್ನುವುದೇ ಕತೆ. ಆ ಅಜ್ಜನ ಮಗ ಗಡ್ಡಪ್ಪ ಹೊಲದ ಬದುವಿನ ಮೇಲೆ ಸುಮ್ನೆ ನಡೆದು ಹೋಗುವುದನ್ನು ನೋಡಿದಾಗ ನನಗೆ ನಮ್ಮ ದೊಡ್ಡಪ್ಪನೇ ಕಂಡರು. ಅವರೂ ಹಾಗೇ. ಮನೆಯ ಜಗಳ ಯಾವುದೂ ತಾಗುತ್ತಿರಲಿಲ್ಲ.

ನಿರಾಸೆ ಆದದ್ದು ಸಿನಿಮಾದಿಂದ ಅಲ್ಲ. ಬೆಂಗಳೂರಿನ ಒಂದು ಥಿಯೇಟರಿನಲ್ಲಿ ನೋಡಿದೆ. ನಗಬೇಕಾದ ಜಾಗದಲ್ಲಿ ಎಲ್ಲರೂ ನಕ್ಕರು, ಅದು ಸರಿ. ಆದರೆ ಹಿಂದಿನ ಸಾಲಿನವರು ಅಳುವ ಜಾಗದಲ್ಲೂ ನಕ್ಕರು. ನಮ್ಮ ಮಾತಿನ ಧಾಟಿ ಕೇಳಿದರೇ ಅವರಿಗೆ ನಗು. ಇಂಟರ್ವಲ್‌ನಲ್ಲಿ ಎದ್ದು ಬೇರೆ ಸೀಟಿಗೆ ಹೋದೆ.

ಅದಕ್ಕೇ ಹೇಳುವುದು, ಮಗಳಿಗೆ ಮೊದಲೇ ಹೇಳಿಡಿ. ಇದು ತಮಾಷೆಯ ಕನ್ನಡ ಅಲ್ಲ, ಒಂದು ಜಿಲ್ಲೆಯ ಮನೆಮಾತು ಅಂತ. ಬೈಗುಳ ಇವೆ, ಕುಡಿತ ಇದೆ. ಹದಿನಾರಕ್ಕೆ ಪರವಾಗಿಲ್ಲ ಅಂತ ನನಗನ್ನಿಸುತ್ತದೆ, ಆದರೆ ನೀವು ಒಮ್ಮೆ ನೋಡಿ ನಿರ್ಧಾರ ಮಾಡಿ.

ಮೈಸೂರಿನಿಂದ, ಇಬ್ಬರು ಮಕ್ಕಳ ತಾಯಿ

ಸಾಗರದವರ ಮಾತಿಗೆ ಒಂದು ಸೇರಿಸಬೇಕು. ‘ಕರ್ವಾಲೊ’ ನನಗೂ ಇಷ್ಟವೇ. ಆದರೆ ನನ್ನ ಮಗಳು ಓದಿ ಮುಗಿಸಿ, ‘ಕಾಡಿಗೆ ಹೋಗೋರೆಲ್ಲ ಗಂಡಸರೇ ಅಲ್ವಾ ಅಮ್ಮ?’ ಅಂದಳು. ನಾಲ್ಕು ಸಲ ಓದಿದ್ದ ನನಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಹೆಣ್ಣುಮಗಳ ಕೈಗೆ ಕೊಡುವಾಗ ಜೊತೆಗೆ ಹೆಂಗಸರು ಬರೆದದ್ದನ್ನೂ ಕೊಡಿ.

ನಮ್ಮ ಮನೆಯಲ್ಲಿ ಅದು ತ್ರಿವೇಣಿ. ಅವರು ಮನಃಶಾಸ್ತ್ರ ಓದಿದವರು. 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲಿ ಅಷ್ಟೊಂದು ಕಾದಂಬರಿ ಬರೆದಿದ್ದರು. ನನ್ನ ಅಮ್ಮ ಅಡುಗೆಮನೆಯ ಹಿಟ್ಟಿನ ಡಬ್ಬಿಯ ಹಿಂದೆ ‘ಶರಪಂಜರ’ ಇಟ್ಟುಕೊಂಡು, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಓದುತ್ತಿದ್ದರು. ಹೆರಿಗೆ ಆದ ಮೇಲೆ ಮನಸ್ಸಿನ ಕಾಯಿಲೆಗೆ ಬೀಳುವ ಕಾವೇರಿಯ ಕತೆ ಅದು. ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆ ಅವಳನ್ನು ವಾಸಿಯಾದವಳು ಅಂತ ನೋಡುವುದೇ ಇಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು, ಕಲ್ಪನಾ ಕಾವೇರಿ.

ಮಗಳಿಗೆ ಹದಿನೇಳಾದಾಗ ಕೊಟ್ಟೆ. ಎರಡು ದಿನದಲ್ಲಿ ಮುಗಿಸಿ ಸಿಟ್ಟಿನಿಂದ ಬಂದಳು. ‘ಅವಳು ಯಾಕೆ ಆ ಮನೆ ಬಿಟ್ಟು ಹೋಗಲಿಲ್ಲ? ನಿಂಗೆ ಈ ಪುಸ್ತಕ ಯಾಕಿಷ್ಟ?’ ಅಂತ ಕೇಳಿದಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಮ್ಮ ಅಷ್ಟು ಜೋಪಾನ ಮಾಡಿದ್ದ ಪುಸ್ತಕವನ್ನು ಇವಳು ಹೀಗೆ ಅಂದುಬಿಟ್ಟಳಲ್ಲ ಅಂತ ಅವತ್ತು ಸರಿಯಾಗಿ ಮಾತಾಡಲಿಲ್ಲ.

ರಾತ್ರಿ ಮಲಗುವ ಮುಂಚೆ ಅವಳ ರೂಮಿಗೆ ಹೋದೆ. ಅವಳು ಹುಟ್ಟಿದ ಮೂರನೇ ವಾರ ನನಗೆ ಏನಾಗಿತ್ತು ಅಂತ ಹೇಳಿದೆ. ನಿದ್ದೆ ಇಲ್ಲ. ಸುಮ್ನೆ ಅಳು. ಮಗುವನ್ನು ಎತ್ತಿಕೊಳ್ಳಲೂ ಭಯ. ಬಾಣಂತಿಗೆ ಹೀಗೆಲ್ಲ ಆಗುತ್ತೆ ಅಂತ ಯಾರೂ ಹೇಳಿರಲಿಲ್ಲ. ನನಗೆ ಹೇಳಿದ್ದು ಆ ಪುಸ್ತಕ ಒಂದೇ. ಅದನ್ನು ಮೊದಲೇ ಓದಿದ್ದಕ್ಕೆ ಡಾಕ್ಟರ ಹತ್ತಿರ ಹೋಗೋಣ ಅಂತ ನಾನೇ ಕೇಳಿಕೊಂಡೆ. ಮಗಳು ಏನೂ ಮಾತಾಡಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಅವಳಿಗೆ ಈಗಲೂ ಆ ಪುಸ್ತಕ ಇಷ್ಟ ಇಲ್ಲ. ಇರಲಿ. ನೀವು ಕೊಟ್ಟದ್ದು ಮಗಳಿಗೆ ಇಷ್ಟವಾಗದಿದ್ದರೆ ‘ಯಾಕೆ’ ಅಂತ ಕೇಳಿ, ಕೂತು ಕೇಳಿ. ನನಗೆ ಆ ಜಗಳದಿಂದ ಸಿಕ್ಕಷ್ಟು ಹೊಗಳಿಕೆಯಿಂದ ಸಿಗುತ್ತಿರಲಿಲ್ಲ.

ಚಿತ್ರದುರ್ಗದಿಂದ

ಕಾದಂಬರಿ, ಅದರ ಸಿನಿಮಾ ಎರಡನ್ನೂ ಒಂದೇ ವಾರ ಕೊಡಬೇಡಿ. ಇದು ನನ್ನ ಅನುಭವ.

ನಾವು ಕೋಟೆಯ ಬುಡದಲ್ಲೇ ಬೆಳೆದವರು. ನಮಗೆ ‘ನಾಗರಹಾವು’ ಅಂದರೆ ಊರಿನ ಸಿನಿಮಾ. 1972ರದ್ದು. ವಿಷ್ಣುವರ್ಧನ್ ನಾಯಕನಾದ ಮೊದಲ ಚಿತ್ರ, ಅಂಬರೀಷ್ ಅವರಿಗೂ ಅದೇ ಮೊದಲು. ಓಬವ್ವನ ಕಿಂಡಿಯ ಹತ್ತಿರ ಈಗಲೂ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು ಆ ಸಿನಿಮಾದ ಓಬವ್ವನ ಹಾಡು ಹೇಳುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಬಗ್ಗಿ ಕಿಂಡಿಯಲ್ಲಿ ತೂರುತ್ತಾರೆ, ಆಚೆ ಕಡೆ ನಿಂತ ಹುಡುಗಿ ಕೈಯಲ್ಲಿ ಒನಕೆ ಇದ್ದ ಹಾಗೆ ಎತ್ತಿ ನಿಲ್ಲುತ್ತಾಳೆ. ನಾನೂ ಹಾಗೆ ಆಡಿದವನೇ.

ಇಪ್ಪತ್ತರಲ್ಲಿ ತ.ರಾ.ಸು. ಅವರ ಪುಸ್ತಕ ಓದಿದೆ. ಆಗ ಗೊತ್ತಾಯಿತು, ಸಿನಿಮಾ ಒಂದು ಕಾದಂಬರಿಯಿಂದ ಆದದ್ದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರನ್ನೂ ಸೇರಿಸಿ ಹೆಣೆದದ್ದು. ಓದುತ್ತಾ ಹೋದರೆ ನನ್ನ ತಲೆಯಲ್ಲಿ ವಿಷ್ಣುವರ್ಧನ್ ಬಿಟ್ಟು ಬೇರೆ ರಾಮಾಚಾರಿ ಬರಲೇ ಇಲ್ಲ. ಪುಸ್ತಕ ಬೇರೆ ಹುಡುಗನನ್ನು ಹೇಳುತ್ತಿತ್ತು, ನಾನು ಅವನನ್ನು ನೋಡಲಾಗದೆ ಪುಸ್ತಕದ ಮೇಲೆ ಸಿಟ್ಟಾದೆ. ತ.ರಾ.ಸು. ಅವರಿಗೆ ಸಿನಿಮಾ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರು ಅನ್ನುವ ಮಾತು ನಮ್ಮ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ಬರೆದವರಿಗೇ ಆ ನೋವು ಆಗಿದ್ದರೆ ಓದುಗನಿಗೆ ಆಗುವುದು ದೊಡ್ಡದಲ್ಲ.

ಹತ್ತು ವರ್ಷ ಬಿಟ್ಟು ಮತ್ತೆ ಓದಿದೆ. ಆ ಮುಖ ಮಾಸಿತ್ತು, ಪುಸ್ತಕ ತೆರೆದುಕೊಂಡಿತು. ಚಾಮಯ್ಯ ಮೇಷ್ಟ್ರ ಪ್ರೀತಿ ಹುಡುಗನಿಗೆ ಎಷ್ಟು ಭಾರ ಆಯಿತು ಅಂತ ಆಗ ಅರ್ಥವಾಯಿತು. ಮಗಳಿಗೆ ಸಿನಿಮಾ ಈಗ ತೋರಿಸಿ. ಪುಸ್ತಕ ಕಾಲೇಜು ಮುಗಿಯುವ ಹೊತ್ತಿಗೆ ಸಾಕು. ಆಮೇಲೆ ನಮ್ಮ ಕೋಟೆಗೂ ಕರೆದುಕೊಂಡು ಬನ್ನಿ, ಬೆಳಿಗ್ಗೆ ಬಿಸಿಲು ಏರುವ ಮೊದಲು.

ಧಾರವಾಡದಿಂದ

ಹಾಡಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ನಮ್ಮ ಊರಿನವರು ಹೊರಗಿನವರಿಗೆ ಮೊದಲು ಕೊಡುವುದು ಪೇಡೆ, ಆಮೇಲೆ ಮಲ್ಲಿಕಾರ್ಜುನ ಮನ್ಸೂರ. ನಾನೂ ಅದೇ ತಪ್ಪು ಮಾಡಿದೆ. ಹೈದರಾಬಾದಿನಿಂದ ಬಂದ ಅಣ್ಣನ ಮಗನನ್ನು ಕೂರಿಸಿ ಒಂದು ಪೂರ್ತಿ ರಾಗ ಕೇಳಿಸಿದೆ. ಹುಡುಗ ಮರ್ಯಾದೆಗೆ ಕೂತಿದ್ದ, ಕಾಲು ಮಾತ್ರ ಅಲ್ಲಾಡುತ್ತಿತ್ತು. ಮರುದಿನ ಅವರೇ ಹಾಡಿದ ವಚನ ಹಚ್ಚಿದೆ. ‘ಅಕ್ಕ ಕೇಳವ್ವ’, ಅಕ್ಕಮಹಾದೇವಿಯ ಕನಸಿನ ವಚನ. ಕೆಲವೇ ನಿಮಿಷದ್ದು, ಮಾತು ತಿಳಿಯುತ್ತದೆ, ಕತೆ ಇದೆ. ಮುಗಿದ ಮೇಲೆ ‘ಕಾಕಾ, ಇನ್ನೊಮ್ಮೆ’ ಅಂದ. ರಾಗಕ್ಕೆ ವಚನದಿಂದ ಹೋಗಬೇಕು ಅಂತ ನನಗೆ ಅವತ್ತು ತಿಳಿಯಿತು.

ಶಿಶುನಾಳ ಶರೀಫರ ಹಾಡಿನಲ್ಲಿ ‘ಕೋಡಗನ ಕೋಳಿ ನುಂಗಿತ್ತ’ದಿಂದ ಶುರು ಮಾಡಿ. ಅರ್ಥ ಕೇಳಿದರೆ ತಕ್ಷಣ ಹೇಳಬೇಡಿ. ಕೋಳಿ ಕೋಡಗವನ್ನು, ಅಂದರೆ ಕೋತಿಯನ್ನು, ನುಂಗುವುದು ಹೇಗೆ ಅಂತ ಅವಳೇ ನಾಲ್ಕು ದಿನ ತಲೆಯಲ್ಲಿ ಇಟ್ಟುಕೊಳ್ಳಲಿ. ಸಿ. ಅಶ್ವಥ್ ಹಾಡಿದ್ದು ಮೊದಲು, ಆಮೇಲೆ ರಘು ದೀಕ್ಷಿತ್ ಗಿಟಾರಿನ ಜೊತೆ ಹಾಡಿದ ಶರೀಫರ ಪದಗಳು. ನನ್ನ ವಯಸ್ಸಿನ ಬಹಳ ಮಂದಿಗೆ ಗಿಟಾರು ಬೇಡ ಅನ್ನಿಸುತ್ತದೆ. ನನಗೆ ಹಾಗಿಲ್ಲ. ಪದ ಜೀವಂತ ಇದೆ ಅನ್ನುವುದಕ್ಕೆ ಅದೇ ಗುರುತು.

ನಿರಾಸೆ ಆಗುವುದು ಬೇರೆ ಕಡೆ. ಈಗೀಗ ಭಾವಗೀತೆ ಕಾರ್ಯಕ್ರಮದಲ್ಲಿ ತಬಲಾ, ಪ್ಯಾಡ್, ಕೀಬೋರ್ಡಿನ ಸದ್ದು ಎಷ್ಟು ಏರಿಸುತ್ತಾರೆ ಅಂದರೆ ಪದವೇ ಕೇಳುವುದಿಲ್ಲ. ಹೋದ ವರ್ಷ ಒಂದು ಕಾರ್ಯಕ್ರಮದಿಂದ ಅರ್ಧಕ್ಕೆ ಎದ್ದು ಬಂದೆ. ನಮ್ಮ ಅವ್ವನ ಊರಲ್ಲಿ ಅಮಾವಾಸ್ಯೆ ರಾತ್ರಿ ಮಠದಲ್ಲಿ ಭಜನೆ ಇರುತ್ತಿತ್ತು. ದಮ್ಮಡಿ, ತಾಳ, ಒಂದು ಹಾರ್ಮೋನಿಯಂ, ಅಷ್ಟೇ. ಮುಂದೆ ಹಾಡುವವರು ಒಂದು ಸಾಲು ಹೇಳಿ ನಿಲ್ಲಿಸುತ್ತಿದ್ದರು. ಹಿಂದಿನವರು ಅದನ್ನೇ ಎತ್ತಿಕೊಳ್ಳುವ ಮೊದಲು ಒಂದು ಉಸಿರಿನಷ್ಟು ಹೊತ್ತು ಖಾಲಿ. ಆ ಖಾಲಿಯಲ್ಲಿ ಪದ ಕಿವಿಗೆ ಇಳಿಯುತ್ತಿತ್ತು. ರಜೆಯಲ್ಲಿ ಊರಿಗೆ ಬಂದರೆ ಮಗಳನ್ನು ಇಂಥ ಒಂದು ಭಜನೆಗೆ ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಅದು ಸಿಗುವುದಿಲ್ಲ.

ಡೊಂಬಿವಲಿಯಿಂದ

ಮಹಾರಾಷ್ಟ್ರದಲ್ಲಿ ಬೆಳೆದ ಹುಡುಗಿಗೆ ಕಾಡು, ಕೋಟೆ ಮಾತ್ರ ಯಾಕೆ? ಜಯಂತ ಕಾಯ್ಕಿಣಿ ಅವರ ಮುಂಬಯಿ ಕತೆಗಳನ್ನು ಕೊಡಿ. ಗೋಕರ್ಣದವರು, ಮುಂಬಯಿಯಲ್ಲಿ ಕೆಲಸ ಮಾಡಿದವರು. ಲೋಕಲ್ ಟ್ರೈನು, ಚಾಳು, ಸಿನಿಮಾ ಪೋಸ್ಟರು, ಇರಾನಿ ಹೋಟೆಲು, ಎಲ್ಲ ಕನ್ನಡದಲ್ಲಿ. ಹುಡುಗಿ ತಾನು ನೋಡಿದ್ದನ್ನೇ ತಾಯಿಯ ಭಾಷೆಯಲ್ಲಿ ಓದುತ್ತಾಳೆ. ನನ್ನ ಮಗ 2006ರ ‘ಮುಂಗಾರು ಮಳೆ’ಯ ‘ಅನಿಸುತಿದೆ’ ಹಾಡು ಕೇಳಿ, ಇದನ್ನು ಬರೆದವರು ಯಾರು ಅಂತ ಕೇಳಿದ. ಅಲ್ಲಿಂದ ಕತೆಗೆ ಬಂದ. ಒಂದು ಕತೆ ಅಂದರೆ ಒಂದು ಟ್ರೈನ್ ಪ್ರಯಾಣದಷ್ಟು ಉದ್ದ, ಹೊಸದಾಗಿ ಓದುವವರಿಗೆ ಅದು ತುಂಬಾ ಅನುಕೂಲ.

ಯಶವಂತ ಚಿತ್ತಾಲರ ‘ಶಿಕಾರಿ’ ಮಾತ್ರ ಈಗ ಬೇಡ. ಅದೂ ಮುಂಬಯಿಯದ್ದೇ, 1979ರದ್ದು. ನನಗೆ ಹದಿನೇಳರಲ್ಲಿ ಓದಿದಾಗ ಉಸಿರು ಕಟ್ಟಿದ ಹಾಗಾಗಿ ಬಿಟ್ಟಿದ್ದೆ. ನಲವತ್ತೊಂದರಲ್ಲಿ, ನಾನು ಕೆಲಸ ಮಾಡುತ್ತಿದ್ದ ಕಡೆ ನನ್ನ ಮೇಲೆ ಒಂದು ಸುಳ್ಳು ದೂರು ಬಂತು, ವಿಚಾರಣೆ ಅಂತ ಮನೆಯಲ್ಲಿ ಕೂರಿಸಿದರು. ಆಗ ಮತ್ತೆ ಕೈಗೆತ್ತಿಕೊಂಡೆ. ಕಾದಂಬರಿಯ ನಾಗಪ್ಪನಿಗೂ ಅದೇ ಗತಿ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಓದಿದ್ದೇನೆ. ಆ ತಿಂಗಳು ನನ್ನ ಜೊತೆ ಮಾತಾಡಿದ್ದು ಆ ಪುಸ್ತಕವೇ.

ಬೆಂಗಳೂರಿನಿಂದ

ತೆಳ್ಳಗಿನ ಪುಸ್ತಕ ಬೇಕಾದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದೇ ಮಧ್ಯಾಹ್ನ ಸಾಕು. ಕೆಳಮಧ್ಯಮ ವರ್ಗದ ಒಂದು ಮನೆಗೆ ದಿಢೀರಂತ ದುಡ್ಡು ಬರುತ್ತದೆ, ಆಮೇಲೆ ಆ ಮನೆ ಏನಾಗುತ್ತದೆ ಅನ್ನುವುದು ಕತೆ. ಹಳೇ ಮನೆಯ ಇರುವೆಗಳ ಪುಟಗಳನ್ನು ಓದಿದ ಮೇಲೆ ನಾನು ಅಡುಗೆಕಟ್ಟೆ ಒರೆಸುವಾಗೆಲ್ಲ ಅದೇ ನೆನಪು. ನನ್ನ ಗೆಳತಿಗೆ ಪೂರ್ತಿ ನಿರಾಸೆ, ಕೊನೆಗೆ ಏನಾಯಿತು ಅಂತ ಹೇಳಲೇ ಇಲ್ಲ ಅನ್ನುತ್ತಾಳೆ. ನನಗೆ ಮಾತ್ರ ಹೇಳಿದ್ದಾರೆ, ತುಂಬಾ ಮೆಲ್ಲಗೆ ಹೇಳಿದ್ದಾರೆ ಅನ್ನಿಸುತ್ತದೆ. ಓದಿದ ಮೇಲೆ ಮಗಳಿಗೆ ಏನನ್ನಿಸಿತು ತಿಳಿಸಿ.

ಕೇಳಿದವರು, ಏಳು ವಾರದ ನಂತರ

ಎಲ್ಲರಿಗೂ ನಮಸ್ಕಾರ. ಏನೇನಾಯಿತು ಅಂತ ಹೇಳಬೇಕು.

ಸಾಗರದವರು ಹೇಳಿದ ಹಾಗೆ ‘ಕರ್ವಾಲೊ’ ತರಿಸಿದೆ. ಅತ್ತೆ ಓದಿದರು, ಮಗಳು ಕೇಳಿದಳು. ಐದನೇ ದಿನದಿಂದ ಮಗಳು ಓದಿದಳು, ಅತ್ತೆ ಸೊಪ್ಪು ಸೋಸುತ್ತಾ ಕೇಳಿದರು. ಒತ್ತಕ್ಷರ ಬಂದಲ್ಲಿ ತಡವರಿಸುತ್ತಿದ್ದಳು. ಅತ್ತೆ ತಿದ್ದಲಿಲ್ಲ, ಕಾದರು. ‘ಬಿರಿಯಾನಿ ಕರಿಯಪ್ಪ’ ಅನ್ನುವ ಹೆಸರು ಬಂದ ದಿನ ಇಬ್ಬರೂ ನಗುತ್ತಿದ್ದದ್ದು ನನಗೆ ಹಾಲ್‌ವರೆಗೂ ಕೇಳಿಸಿತು. ಮುಗಿದ ದಿನ ಅವಳು ಬಾಲ್ಕನಿಯಲ್ಲಿ ಹೋಗಿ ಸುಮ್ಮನೆ ನಿಂತಿದ್ದಳು. ಕರೆಯಲಿಲ್ಲ.

‘ತಿಥಿ’ ಎರಡು ಸಲ ನೋಡಿದಳು, ಎರಡನೇ ಸಲ ಸಬ್‌ಟೈಟಲ್ ಇಲ್ಲದೆ. ‘ಘಾಚರ್ ಘೋಚರ್’ ಬೆಂಗಳೂರಿನವರ ಗೆಳತಿಯ ಪಕ್ಷ, ಕೊನೆ ಹಿಡಿಸಲಿಲ್ಲವಂತೆ. ಕಾಯ್ಕಿಣಿ ಅವರ ಕತೆ ಇನ್ನೂ ಓದುತ್ತಿದ್ದಾಳೆ. ‘ಶರಪಂಜರ’ ನಾನೇ ಮತ್ತೆ ಓದಿದೆ, ಅವಳಿಗೆ ಇನ್ನೊಂದು ವರ್ಷ ಬಿಟ್ಟು ಕೊಡುತ್ತೇನೆ. ಶರೀಫರ ಕೋಳಿಯ ಅರ್ಥ ಇನ್ನೂ ಹೇಳಿಲ್ಲ. ದಿನಕ್ಕೊಂದು ಹೊಸ ಅರ್ಥ ತಂದು ಕೇಳುತ್ತಾಳೆ.

ಹೋದ ಗುರುವಾರ ಅವಳು ಕಪಾಟಿನ ಮುಂದೆ ನಿಂತಿದ್ದಳು. ‘ಅಮ್ಮಾ, ಕರ್ವಾಲೊದಲ್ಲಿ ಕಿವಿ ಅಂತ ನಾಯಿ ಇತ್ತಲ್ಲ. ಆ ದಪ್ಪ ಪುಸ್ತಕದ ಮೊದಲಲ್ಲೂ ಒಂದು ನಾಯಿ ಇತ್ತು ಅಲ್ವಾ?’ ಅಂದಳು. ಹುಲಿಯ, ಗುತ್ತಿಯ ನಾಯಿ ಅಂದೆ. ‘ಅದು ಕೊನೆವರೆಗೂ ಇರುತ್ತಾ?’ ಅಂತ ಕೇಳಿದಳು. ಹೇಳಲ್ಲ ಅಂದೆ.

ಇವತ್ತು ಬೆಳಿಗ್ಗೆ ಅವಳು ಮಲಗಿದ್ದಾಗ ‘ಮದುಮಗಳು’ ಮುಚ್ಚಿ ಅಡ್ಡ ಹಿಡಿದು ನೋಡಿದೆ. ನಾನು ಓದಿದ ಪ್ರತಿ, ಅಂಚು ಮೊದಲೇ ಕಂದು. ಅವಳ ಬೆರಳು ಎಲ್ಲಿವರೆಗೆ ಬಂದಿದೆ ಅಂತ ಅದರಲ್ಲಿ ಗೊತ್ತಾಗಲಿಲ್ಲ. ಪುಣೆಯ ಸಿಟಿ ಬಸ್ಸಿನ ಒಂದು ಟಿಕೆಟ್ ಮಾತ್ರ ಹೊರಗೆ ಇಣುಕುತ್ತಿತ್ತು, ನೂರ ಹನ್ನೆರಡನೇ ಪುಟದಲ್ಲಿ.